ವಿಷಲ್ ಆದ ಮೇಲೆ ನೀರು

ವೇದಿಕೆಯಲ್ಲಿ ಮುಖ್ಯ ಅತಿಥಿಯ ಕುರ್ಚಿಯ ಮುಂದಿದ್ದ ನೀರಿನ ಬಾಟಲಿಯನ್ನು ಶಶಿರೇಖಾ ಎತ್ತಿ ಮೇಜಿನ ಕೆಳಗಿಟ್ಟಳು. ಅದರ ಜಾಗದಲ್ಲಿ ಮನೆಯಿಂದ ತಂದಿದ್ದ ಸ್ಟೀಲಿನ ಚೊಂಬನ್ನು ಇಟ್ಟು, ತುಂಬ ನೀರು ಹಾಕಿ, ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಲೋಟವನ್ನು ಬೋರಲು ಹಾಕಿದಳು. ಉಳಿದ ಗಣ್ಯರ ಬಾಟಲಿಗಳನ್ನು ಮುಟ್ಟಲಿಲ್ಲ.

"ಮೇಡಮ್ನೋರೇ, ಅವ್ರೊಬ್ಬರಿಗೆ ಬಾಟ್ಲಿ ಬ್ಯಾಡ್ವಾ?" ಹಾರಗಳ ಬುಟ್ಟಿ ಹಿಡಿದು ನಿಂತಿದ್ದ ಜವಾನ ಕ್ಯಾತಣ್ಣ ಕೇಳಿದ.

"ಬೇಡ ಕ್ಯಾತಣ್ಣ. ಅವ್ರ ಪದ್ಧತಿನೇ ಹಿಂಗೈತೆ."

ಚಳ್ಳಕೆರೆಯ ಆ ಸಭಾಂಗಣದಲ್ಲಿ ಸುತ್ತಲಿನ ಎರಡು ತಾಲ್ಲೂಕುಗಳ ದೈಹಿಕ ಶಿಕ್ಷಕರು ಬಂದು ಕೂರುತ್ತಿದ್ದರು. ಮುಂದಿನ ಜಮಖಾನೆಯ ಮೇಲೆ ಹೈಸ್ಕೂಲು ಮಕ್ಕಳು. ಎಣ್ಣೆ ಮಿಲ್ಲಿನಿಂದ ಕಡಲೆಕಾಯಿ ಹಿಂಡಿಯ ವಾಸನೆ ಕಿಟಕಿಗಳಲ್ಲಿ ನುಗ್ಗುತ್ತಿತ್ತು. ಮಾರ್ಚ್ ಇನ್ನೂ ಅರ್ಧ ಕಳೆದಿರಲಿಲ್ಲ, ಆಗಲೇ ಫ್ಯಾನುಗಳು ಬಿಸಿ ಗಾಳಿಯನ್ನೇ ತಿರುಗಿಸುತ್ತಿದ್ದವು. ಕೊನೆಯ ಸಾಲಿನಲ್ಲಿ, ಸೆರಗನ್ನು ತಲೆಯ ಮೇಲೆ ಹೊದ್ದು, ಸಿದ್ದಾಪುರದಿಂದ ಬೆಳಗಿನ ಬಸ್ಸಿಗೆ ಮಗಳು ಶಶಿರೇಖಾಳ ಜೊತೆ ಬಂದಿದ್ದ ಯರ್ರಮ್ಮ ಕೂತಿದ್ದಳು. ಯಾಕೆ ಕರೆತಂದಳು ಎಂದು ಅವಳಿಗೆ ಗೊತ್ತಿರಲಿಲ್ಲ. ಮಗಳು ಬರೆದ ಪುಸ್ತಕಕ್ಕೆ ಮರ್ಯಾದೆ ಮಾಡುತ್ತಾರೆ ಎಂದಷ್ಟೇ ತಿಳಿದಿದ್ದಳು.

ಪುಸ್ತಕದ ಕಥೆ ಹೀಗೆ. ಪ್ರತಿ ವರ್ಷ ತರಬೇತಿಯಲ್ಲಿ ಪಿ.ಟಿ. ಮೇಷ್ಟ್ರುಗಳಿಗೆ ಇಂಗ್ಲಿಷ್ ಸಂಶೋಧನಾ ಲೇಖನಗಳ ಜೆರಾಕ್ಸ್ ಹಂಚುತ್ತಿದ್ದರು. ಮೇಷ್ಟ್ರುಗಳು ಅವುಗಳಲ್ಲಿ ಗಾಳಿ ಬೀಸಿಕೊಂಡು, ಊಟದ ಹೊತ್ತಿಗೆ ಕುರ್ಚಿಯ ಧೂಳು ಒರೆಸಿ, ಸಂಜೆ ಅಲ್ಲೇ ಬಿಟ್ಟು ಹೋಗುತ್ತಿದ್ದರು. ಓದಲು ಬಾರದ ಜ್ಞಾನವನ್ನು ಹಂಚಿ ಸಹಿ ಹಾಕಿಸಿಕೊಂಡರೆ ಇಲಾಖೆಯ ಕೆಲಸ ಮುಗಿಯಿತು. ಯಾರಿಗೂ ಬೇಡವಾದ ಆ ಕಾಗದಗಳನ್ನು ಶಶಿರೇಖಾ ಮನೆಗೊಯ್ದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದಳು. ಒಂದು ಲೇಖನದ ಅರ್ಧಕ್ಕೆ ಬಂದವಳು ಮತ್ತೆ ಮೊದಲ ಸಾಲಿಗೆ ಹೋಗಿ ಓದಿದಳು. ಬಿಸಿಲಿನಲ್ಲಿ ನೀರಿಲ್ಲದೆ ಓಡಿದ ಹುಡುಗರ ಬಗ್ಗೆ ಬರೆದ ಲೇಖನ ಅದು. ತನ್ನ ತಮ್ಮ ಬಾಲರಾಜು ಸತ್ತದ್ದನ್ನು ಲೇಖಕರು ಪಕ್ಕದಲ್ಲೇ ನಿಂತು ನೋಡಿ ಬರೆದಂತಿತ್ತು.

ತೊಂಬತ್ತೆರಡರಲ್ಲಿ ಅಕ್ಕ ತಮ್ಮ ಇಬ್ಬರೂ ಹೈಸ್ಕೂಲಿನಲ್ಲಿದ್ದರು, ಇಬ್ಬರೂ ಓಟಗಾರರು. ಜಿಲ್ಲಾ ಕ್ರೀಡಾಕೂಟಕ್ಕೆ ತಯಾರು ಮಾಡುತ್ತಿದ್ದವರು ಜಂಬುಲಿಂಗಪ್ಪ ಮೇಷ್ಟ್ರು. ಬೇವಿನ ಮರದ ಕೆಳಗೆ ತುಂಬಿದ ಬಿಂದಿಗೆ ಇಡಿಸಿ, ತಟ್ಟೆ ಮುಚ್ಚಿ, ಅದರ ಮೇಲೆ ಲೋಟ ಬೋರಲು ಹಾಕುತ್ತಿದ್ದರು. ಕೊನೆಯ ವಿಷಲ್ ಊದುವವರೆಗೆ ಆ ಲೋಟವನ್ನು ಯಾರೂ ಎತ್ತುವಂತಿಲ್ಲ. "ಓಡೋವಾಗ ನೀರು ಕುಡುದ್ರೆ ಹೊಟ್ಟೆ ಹಿಡ್ಕಂತೈತೆ, ದಮ್ಮು ಹೋಗ್ತೈತೆ. ವಿಷಲ್ ಆದ್ಮೇಲೆ ನೀರು!" ಎನ್ನುತ್ತಿದ್ದರು. ಅವರ ಮೇಷ್ಟ್ರೂ ಅವರಿಗೆ ಅದನ್ನೇ ಹೇಳಿಕೊಟ್ಟಿದ್ದರಂತೆ.

ಒಂದು ದಿನ ಮಧ್ಯಾಹ್ನ ಸುಡುಬಿಸಿಲಿನಲ್ಲಿ ಓಡುತ್ತಿದ್ದ ಬಾಲರಾಜು ತೂರಾಡತೊಡಗಿದ. ಏನೋ ಕೇಳಿದರೆ ಇನ್ನೇನೋ ಉತ್ತರ ಕೊಟ್ಟ. "ನಾಟಕ ಆಡ್ಬ್ಯಾಡಲೇ, ಇನ್ನೊಂದು ರೌಂಡು," ಎಂದರು ಮೇಷ್ಟ್ರು. ಶಶಿರೇಖಾ ಓಡಿಹೋಗಿ ಲೋಟ ಎತ್ತಿ ನೀರು ತುಂಬಿಕೊಂಡು ಬಂದಳು. ಮೇಷ್ಟ್ರು ಅವಳ ಕೈಯಿಂದ ಲೋಟ ಕಿತ್ತು, ನೀರನ್ನು ಮಣ್ಣಿಗೆ ಚೆಲ್ಲಿ, ನಡೆದುಹೋಗಿ ಅದನ್ನು ಮತ್ತೆ ತಟ್ಟೆಯ ಮೇಲೆ ಬೋರಲು ಹಾಕಿದರು. ಅವರು ತಿರುಗಿ ನೋಡುವಷ್ಟರಲ್ಲಿ ಹುಡುಗ ಬಿದ್ದಿದ್ದ.

ಮೇಷ್ಟ್ರು ಅಳುತ್ತಲೇ ಹೆಣಕ್ಕೆ ಹೆಗಲು ಕೊಟ್ಟರು. ಆಮೇಲೆ ಯರ್ರಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, "ಹುಡುಗನ ಹಾರ್ಟೇ ವೀಕಿತ್ತು ಕಣವ್ವಾ, ಹುಟ್ಟುತ್ತಲೇ ಬಂದಿದ್ದು. ಯಾರೇನು ಮಾಡಾಕಾಗ್ತೈತೆ," ಎಂದರು. ಯಾವ ಡಾಕ್ಟರೂ ಹೇಳದ ಆ ಮಾತು ಊರೆಲ್ಲ ಹರಡಿತು. ಶಶಿರೇಖಾಳನ್ನು ನೋಡಲು ಬಂದ ಗಂಡುಗಳು ಅದೇ ಮಾತಿಗೆ ಹಿಂದೆ ಸರಿದವು. ಅದಕ್ಕೆ ಅವಳು ಹೆಚ್ಚು ಕೊರಗಲಿಲ್ಲ. ಹಟ ಹಿಡಿದು ಬಿ.ಪಿ.ಎಡ್ ಮಾಡಿ, ತಾನೂ ಪಿ.ಟಿ. ಮೇಡಂ ಆದಳು. ಅವಳ ಹೊಟ್ಟೆ ಉರಿಸಿದ್ದು ಅವ್ವ. ಯರ್ರಮ್ಮ ಬಾಣಂತಿಯರ ಮನೆಗೆ ಕಾಲಿಡುವುದನ್ನೇ ಬಿಟ್ಟಿದ್ದಳು. ತನ್ನ ನೆರಳು ಎಳೆಗೂಸಿನ ಮೇಲೆ ಬೀಳಬಾರದಂತೆ.

ಲೇಖನ ಓದಿದ ದಿನವೇ ಶಶಿರೇಖಾ ಅವ್ವನಿಗೆ ಹೇಳಿದ್ದಳು. ಯರ್ರಮ್ಮ ಒಪ್ಪಲಿಲ್ಲ.

"ನೀನೇನು ಡಾಕ್ಟ್ರೇನೇ? ಮೇಷ್ಟ್ರು ಹೇಳವ್ರೆ. ಹೆಗಲು ಕೊಟ್ಟೋರು ಸುಳ್ಳು ಹೇಳ್ತಾರಾ? ನನ್ನ ಹೊಟ್ಟೇನೇ ಸರಿ ಇರ್ಲಿಲ್ಲ, ಬಿಡು."

ಆವತ್ತೇ ಶಶಿರೇಖಾ ನಿಶ್ಚಯಿಸಿದಳು. ಅವ್ವ ನಂಬುವುದು ಆ ಒಂದು ಬಾಯಿಯನ್ನು. ಹಾಗಾದರೆ ಆ ಬಾಯಿಂದಲೇ ಹೇಳಿಸಬೇಕು.

ಪುಸ್ತಕಕ್ಕೆ ಎರಡು ವರ್ಷ ಹಿಡಿಯಿತು. ಮಂಡಿ ನೋವು, ರಕ್ತಹೀನತೆ, ಹೆಣ್ಣುಮಕ್ಕಳ ಮುಟ್ಟು, ಎಲ್ಲದರ ಬಗೆಗಿನ ಸಂಶೋಧನೆಯನ್ನೂ ಮೇಷ್ಟ್ರುಗಳಿಗೂ ಮಕ್ಕಳಿಗೂ ತಿಳಿಯುವ ಕನ್ನಡಕ್ಕೆ ತಂದಳು. ಇಲಾಖೆ ಮೆಚ್ಚಿ ಅಚ್ಚು ಹಾಕಿಸಲು ಒಪ್ಪಿತು. ಬಿಸಿಲಿನ ಪಾಠವನ್ನು ಮಾತ್ರ ಮತ್ತೆ ಮತ್ತೆ ಹರಿದು ಬರೆದಳು. ಅಕ್ಷರ ಬಾರದವರು ಒಮ್ಮೆ ಕೇಳಿದರೆ ಸಾಕು, ಅರ್ಥವಾಗಬೇಕು. ಯಾವ ದೊಡ್ಡ ಪದದ ಹಿಂದೆಯೂ ಯಾರೂ ಅಡಗಿಕೊಳ್ಳಬಾರದು. ಬಿಡುಗಡೆಗೆ ಯಾರನ್ನು ಕರೆಯೋಣ ಎಂದು ಅಧಿಕಾರಿ ಕೇಳಿದಾಗ, "ನನ್ನ ಗುರುಗಳು, ನಿವೃತ್ತರಾಗಿದಾರೆ," ಎಂದಳು. ಗುರುಭಕ್ತಿ ಎಂದರೆ ಇದು ಎಂದು ಅಧಿಕಾರಿ ತಲೆದೂಗಿದರು.

ಜಂಬುಲಿಂಗಪ್ಪ ಬಿಳಿ ಪ್ಯಾಂಟು, ಬಿಳಿ ಬೂಟು ಹಾಕಿಕೊಂಡೇ ಬಂದರು. ಕೂದಲು ಬೆಳ್ಳಗಾಗಿದ್ದರೂ ಎದೆ ಮುಂದಿತ್ತು. ಕೊನೆಯ ಸಾಲಿನವರೆಗೂ ಹೋಗಿ, "ಚೆನ್ನಾಗಿದೀಯೇನವ್ವಾ? ನಿನ್ನ ಮಗಳು ನಮ್ಮ ಹೆಸ್ರು ಉಳಿಸಿದ್ಲು ನೋಡು," ಎಂದರು. ಯರ್ರಮ್ಮ ಎದ್ದು ಅವರ ಕಾಲು ಮುಟ್ಟಿದಳು. ವೇದಿಕೆಯಿಂದ ಅದನ್ನು ನೋಡಿದ ಶಶಿರೇಖಾ ಹಲ್ಲು ಕಚ್ಚಿದಳು.

ಹಾರ, ಶಾಲು, ಸ್ವಾಗತ ಎಲ್ಲ ಮುಗಿದವು. ಪುಸ್ತಕದ ದಾರ ಬಿಚ್ಚಿದ್ದಾಯಿತು. ಶಶಿರೇಖಾ ಮೈಕಿನ ಮುಂದೆ ಬಂದಳು.

"ನಮ್ಮ ಮೇಷ್ಟ್ರ ದನಿ ಮೈದಾನದ ಆಚೆ ತುದಿಗೂ ಕೇಳ್ತಿತ್ತು. ಇದರಲ್ಲಿ ಒಂದು ಪಾಠ ಅವರ ಬಾಯಲ್ಲೇ ಕೇಳೋಣ."

ಮಕ್ಕಳು ಚಪ್ಪಾಳೆ ತಟ್ಟಿದರು. ಜಂಬುಲಿಂಗಪ್ಪ ಕನ್ನಡಕ ಏರಿಸಿ, ಅವಳು ತೆರೆದುಕೊಟ್ಟ ಪುಟವನ್ನು ನಿಂತೇ ಓದಲು ಶುರುಮಾಡಿದರು. ಹಳೆಯ ಡ್ರಿಲ್ಲಿನ ದನಿ ಸಭಾಂಗಣ ತುಂಬಿತು.

"ಬಿಸಿಲಿನಲ್ಲಿ ಓಡುವ ಮಗುವಿಗೆ ನಡುನಡುವೆ ನೀರು ಕೊಡಬೇಕು. ಓಡುವಾಗ ನೀರು ಕುಡಿದರೆ ದಮ್ಮು ಹೋಗುತ್ತದೆ ಎನ್ನುವ ಮಾತು ಸುಳ್ಳು..."

ಮೇಷ್ಟ್ರುಗಳ ಸಾಲಿನಲ್ಲಿ ಯಾರೋ ನಕ್ಕರು. ಅವರೆಲ್ಲರೂ ಆ ಮಾತನ್ನು ಮಕ್ಕಳಿಗೆ ಹೇಳಿದವರೇ. ಜಂಬುಲಿಂಗಪ್ಪ ಮುಂದುವರಿಸಿದರು.

"ನೀರಿಲ್ಲದೆ, ನೆರಳಿಲ್ಲದೆ ಓಡಿಸಿದರೆ ಮೈ ಒಲೆಯಂತೆ ಕಾಯುತ್ತದೆ. ಮಗು ತೂರಾಡುತ್ತದೆ. ಕೇಳಿದ್ದಕ್ಕೆ ಬೇರೆ ಏನೋ ಹೇಳುತ್ತದೆ. ನಾಟಕ... ನಾಟಕ ಆಡುತ್ತಿದೆ ಎಂದುಕೊಳ್ಳಬೇಡಿ."

ದನಿ ಇಳಿಯಿತು. ಅವರು ಶಶಿರೇಖಾಳ ಕಡೆ ನೋಡಿದರು. ಆಗ ಎಲ್ಲವೂ ಅವರಿಗೆ ಗೊತ್ತಾಯಿತು. ನೀರಿಗೆಂದು ಮೇಜಿನ ಕಡೆ ಕೈ ಚಾಚಿದರು. ಕೈ ಬೋರಲು ಲೋಟದ ಮೇಲೆ ಬಿತ್ತು. ಅದನ್ನೂ ಅದರ ಕೆಳಗಿನ ತಟ್ಟೆಯನ್ನೂ ಅವರು ಬಹಳ ಹೊತ್ತು ನೋಡಿದರು.

"ಶಶಿ, ಸ್ವಲ್ಪ ನೀರು..."

ಅವಳು ಮೈಕಿಗೆ ಕೇಳದಂತೆ, ಅವರಿಗಷ್ಟೇ ಕೇಳುವಂತೆ ಹೇಳಿದಳು: "ಮುಗ್ಸಿ ಸಾರ್. ವಿಷಲ್ ಆದ್ಮೇಲೆ ನೀರು."

ಆ ಹೊತ್ತಿಗೆ ತನಗೆ ಕರುಣೆ ಬಂದುಬಿಟ್ಟರೆ ಎಂದು ಅವಳು ಹಿಂದಿನ ರಾತ್ರಿಯೆಲ್ಲ ಹೆದರಿದ್ದಳು. ಬರಲಿಲ್ಲ. ಆ ಮುಖ ಬಿಳಿಚಿಕೊಂಡದ್ದನ್ನು ಕಣ್ಣು ತುಂಬ ನೋಡಿದಳು. ಇಷ್ಟು ಸಾಲದು ಅನ್ನಿಸಿತು.

ಜಂಬುಲಿಂಗಪ್ಪ ಪುಸ್ತಕ ಮುಚ್ಚಿ ಕೂರಬಹುದಿತ್ತು. ಆದರೆ ಎದುರಿಗೆ ಮಕ್ಕಳು ಕಣ್ಣು ಬಿಟ್ಟುಕೊಂಡು ಕೂತಿದ್ದರು. ಅವರು ಬೆರಳಿಗೆ ಎಂಜಲು ಹಚ್ಚಿ ಪುಟ ಮಗುಚಿ, ಒಂದೊಂದೇ ಮಾತು ಬಿಡಿಸಿ ಓದಿದರು.

"ಹೀಗೆ ಸತ್ತ ಮಗುವಿನ ಹೃದಯದಲ್ಲಿ ದೋಷ ಇರಲೇಬೇಕೆಂದಿಲ್ಲ. ಗಟ್ಟಿಮುಟ್ಟಾದ ಮಗುವೂ ಸಾಯುತ್ತದೆ. ತಪ್ಪು ಮಗುವಿನ ಹೃದಯದ್ದಲ್ಲ. ತಾಯಿಯ ಹೊಟ್ಟೆಯದಲ್ಲ. ನೀರು ಕೊಡದೆ ಓಡಿಸಿದವರದು."

ಕೊನೆಯ ಆ ಸಾಲುಗಳು ಯಾವ ಇಂಗ್ಲಿಷ್ ಲೇಖನದಲ್ಲೂ ಇರಲಿಲ್ಲ. ಅವು ಶಶಿರೇಖಾಳವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು. ಕೊನೆಯ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಯರ್ರಮ್ಮ ಎದ್ದು, ಕುರ್ಚಿಗಳ ನಡುವೆ ಬಂದು, ಮಕ್ಕಳು ಕೂತ ಜಮಖಾನೆಯ ಅಂಚಿನಲ್ಲಿ ನಿಂತಳು. ತಲೆಯ ಮೇಲಿನ ಸೆರಗು ಜಾರಿತ್ತು. ಅವಳು ಅಳುತ್ತಿರಲಿಲ್ಲ. ಜಂಬುಲಿಂಗಪ್ಪ ಅರ್ಧ ಕೈ ಮುಗಿದರು.

"ಅವ್ವಾ, ನಾನು..."

"ಅದಲ್ಲ ಮೇಷ್ಟ್ರೇ," ಎಂದಳು ಯರ್ರಮ್ಮ. "ನಂಗೆ ಓದಾಕೆ ಬರಲ್ಲ. ಇನ್ನೊಂದ್ಸಲ ಓದ್ರಿ. ಮೊದ್ಲಿಂದ."

ಅವರು ಶಶಿರೇಖಾಳ ಕಡೆ ನೋಡಿದರು. ಅವಳು ಲೋಟ ಎತ್ತಲಿಲ್ಲ. ಜಂಬುಲಿಂಗಪ್ಪ ಪುಟವನ್ನು ಹಿಂದಕ್ಕೆ ಮಗುಚಲು ಬೆರಳನ್ನು ನಾಲಿಗೆಗೆ ಮುಟ್ಟಿಸಿದರು. ಬೆರಳು ಒಣಗಿಯೇ ಇತ್ತು.