ಭಾನುವಾರದ ಚುಕ್ಕಿಗಳು

ಚಾರ್ಟಿನ ಕೆಳಗೆ ತಾರೀಖುಗಳು ಒಂದರ ಮೇಲೊಂದು ಬಿದ್ದಿವೆ, ಬಸ್ಸಿನ ಬಾಗಿಲಲ್ಲಿ ಒಟ್ಟಿಗೆ ನುಗ್ಗಿ ಸಿಕ್ಕಿಕೊಂಡವರ ಹಾಗೆ, ಆರರ ಬಾಲ ಏಳರ ಹೊಟ್ಟೆಯೊಳಗೆ, ಎಂಟು ಯಾವುದು ಒಂಬತ್ತು ಯಾವುದು ತಿಳಿಯುವುದಿಲ್ಲ — ದೊಡ್ಡ ಪರದೆಯಲ್ಲಿ ಎಲ್ಲ ನೆಟ್ಟಗಿದೆ, ಫೋನಿನಲ್ಲಿ ತೆರೆದರೆ ಮಾತ್ರ ಈ ನೂಕುನುಗ್ಗಲು, ಸಾಹೇಬರು ನೋಡುವುದು ಫೋನಿನಲ್ಲೇ. ಹನ್ನೊಂದೂವರೆಗೆ ವಿಚಾರಣೆ ಕೂರುತ್ತೆ ಕಣಮ್ಮ, ಅಷ್ಟರೊಳಗೆ ಕೆಳಗಿನ ಆ ಸಾಲು ಓದೋ ಹಾಗೆ ಮಾಡು, ಆ ವಾರದ ಒಂದೊಂದು ದಿನಾನೂ ಕಾಣಬೇಕು, ಎಂದು ಬೆಳಿಗ್ಗೆ ಬಾಗಿಲಲ್ಲೇ ನಿಂತು ಹೇಳಿ ಹೋದರು, ಅವಳು ಆಗಲಿ ಸರ್ ಅಂದಳು, ಈ ನೀರು ಸರಬರಾಜು ಕಚೇರಿಗೆ ಸೇರಿದ ಆರು ವರ್ಷದಿಂದ ಆ ಮಾತು ಅವಳ ಬಾಯಿಗೆ ತಾನಾಗಿಯೇ ಬರುತ್ತದೆ. ಊರಿನ ಹದಿನಾಲ್ಕು ಟ್ಯಾಂಕುಗಳ ನೀರು ದಿನಾ ಲ್ಯಾಬಿಗೆ ಹೋಗುತ್ತದೆ, ಲ್ಯಾಬಿನವರು ಫಲಿತಾಂಶ ತುಂಬುತ್ತಾರೆ, ಅವಳು ಮಾಡಿದ ಚಾರ್ಟು ಅದನ್ನು ಒಂದು ಚುಕ್ಕಿ ಮಾಡಿ ವೆಬ್‌ಸೈಟಿನಲ್ಲಿ ಕೂರಿಸುತ್ತದೆ, ನೀರು ಚೆನ್ನಾಗಿದ್ದರೆ ಹಸಿರು, ಕುಡಿಯಬಾರದ್ದಾದರೆ ಕೆಂಪು, ಯಾರು ಬೇಕಾದರೂ ಬೆರಳಿನಿಂದ ಹಿಗ್ಗಿಸಿ ನೋಡಬಹುದು, ಹಿಂದೆ ಮುಂದೆ ಎಳೆಯಬಹುದು. ಎರಡು ವರ್ಷ ಕೆಳಗಿನ ಸಾಲಿನಲ್ಲಿ ತಿಂಗಳ ಹೆಸರು ಮಾತ್ರ ಇತ್ತು, ಅವಳೇ ಇಟ್ಟದ್ದು, ಇಕ್ಕಟ್ಟಾಗುತ್ತೆ ಅಂತ ದಿನಗಳನ್ನೆಲ್ಲ ಗುಡಿಸಿ ಹಾಕಿದ್ದಳು, ಯಾವ ದಿನ ಎಂದು ಬೇಕಾದರೆ ಚುಕ್ಕಿ ಒತ್ತಬೇಕಿತ್ತು, ಎಷ್ಟು ಚೊಕ್ಕವಾಗಿದೆ ನೋಡಿ ಅಂತ ಸಾಹೇಬರು ಮೀಟಿಂಗಿನಲ್ಲಿ ಹೊಗಳಿದ್ದರು, ಅದನ್ನು ಮನೆಯಲ್ಲಿ ಹೇಳಿದರೆ ಅತ್ತೆ ಬಟ್ಟೆ ಮಡಚುತ್ತಾ, ಮನೆಯ ಮೂಲೆಗಳನ್ನೂ ಹೀಗೇ ಗುಡಿಸಿದ್ದರೆ ನಾನೂ ಹೊಗಳ್ತಿದ್ದೆ, ಅಂದಿದ್ದರು. ಈಗ ಬೇಕಾಗಿರುವುದು ಒಂದೇ ಟ್ಯಾಂಕು, ಒಂಬತ್ತನೆಯದು, ಒಂದೇ ವಾರ, ಈ ತಿಂಗಳ ಏಳನೇ ತಾರೀಖಿನ ಆಚೀಚೆ — ಆ ನೀರು ಕುಡಿದು ಮೂವತ್ತೊಂದು ಜನ ಆಸ್ಪತ್ರೆ ಸೇರಿದರು, ವಾಂತಿ, ಭೇದಿ, ಸದ್ಯ ಯಾರೂ ಸಾಯಲಿಲ್ಲ. ಚಾರ್ಟಿನಲ್ಲಿ ಕೆಂಪು ಚುಕ್ಕಿ ಏಳರಂದು ಇದೆ, ನೀರು ಬಿಡುವವ ವಾಲ್ವ್ ತಿರುಗಿಸಿದ್ದು ಎಂಟರ ಬೆಳಿಗ್ಗೆ ಐದಕ್ಕೆ, ತಿರುಗಿಸುವ ಮುಂಚೆ ಫೋನಿನಲ್ಲಿ ಚುಕ್ಕಿ ನೋಡಬೇಕು ಅನ್ನುವುದು ನಿಯಮ, ನೋಡಿಲ್ಲ, ಅಥವಾ ನೋಡಿಯೂ ಬಿಟ್ಟಿದ್ದಾನೆ, ಹತ್ತೊಂಬತ್ತು ದಿನದಿಂದ ಸಸ್ಪೆಂಡಾಗಿದ್ದಾನೆ, ಇವತ್ತು ಕೊನೆಯ ವಿಚಾರಣೆ, ಕೆಲಸವೇ ಹೋಗುತ್ತದಂತೆ ಎಂದು ಕ್ಯಾಂಟೀನಿನಲ್ಲಿ ಮಾತು. ಅವನನ್ನು ಅವಳು ಮುಖ ನೋಡಿ ಬಲ್ಲಳು, ಅಷ್ಟೇ, ಕಾರಿಡಾರಿನಲ್ಲಿ ಗೋಡೆಗೆ ಅಂಟಿಕೊಂಡ ಹಾಗೆ ನಡೆಯುವವ, ಎದುರು ಯಾರು ಬಂದರೂ ಪೂರ್ತಿ ದಾರಿ ಬಿಡುವವ.

ಅಕ್ಷರಗಳನ್ನು ಓರೆ ಮಾಡಿದಳು, ಸಾಲು ಬೀಳುತ್ತಿರುವ ಬೇಲಿಯ ಹಾಗೆ ಕಂಡಿತು, ಒಂದು ಬಿಟ್ಟು ಒಂದು ದಿನ ತೋರಿಸಿದಳು, ಆಗ ಏಳೇ ಮಾಯ, ಸಾಹೇಬರಿಗೆ ಬೇಕಾಗಿರುವುದೇ ಏಳು — ಹತ್ತು ಗಂಟೆ ಇಪ್ಪತ್ತು ನಿಮಿಷ, ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ಕೆನ್ನುತ್ತದೆ, ಪಕ್ಕದ ಮೇಜಿನವ ರಜೆ, ಅವನ ಕುರ್ಚಿಯ ಮೇಲೆ ಯಾರದೋ ಛತ್ರಿ. ತಿಂಗಳ ಹೆಸರು ಯಾಕೆ ಬೇಕು, ಎಲ್ಲ ಒಂದೇ ತಿಂಗಳಲ್ಲವಾ, ಅದನ್ನು ತೆಗೆದು ಆ ಜಾಗದಲ್ಲಿ ವಾರದ ಮೊದಲ ಅಕ್ಷರ ಇಟ್ಟರೆ ಸಾಕು, ಅಂಕಿ ಮೇಲೆ, ವಾರ ಕೆಳಗೆ, ಹಾಂ, ಈಗ ಉಸಿರಾಡುವಷ್ಟು ಜಾಗ ಇದೆ. ಶು ಐದು, ಶ ಆರು, ಭಾ ಏಳು, ಸೋ ಎಂಟು, ಓದುವುದಕ್ಕೆ ಸಲೀಸು, ಭಾ ಏಳರ ಮೇಲೆ ಕೆಂಪು ಚುಕ್ಕಿ, ಭಾ ಹದಿನಾಲ್ಕರ ಮೇಲೆ ಹಸಿರು, ಭಾ ಇಪ್ಪತ್ತೊಂದರ ಮೇಲೆ ಹಸಿರು. ಶನಿವಾರಗಳೆಲ್ಲ ಖಾಲಿ. ಎಳೆದು ಹಿಂದಿನ ತಿಂಗಳಿಗೆ ಹೋದಳು, ಅಲ್ಲೂ ಶನಿವಾರಗಳು ಖಾಲಿ, ಭಾನುವಾರಗಳು ತುಂಬಿ ಕೂತಿವೆ, ಅದರ ಹಿಂದಿನ ತಿಂಗಳು, ಹೋದ ವರ್ಷ, ಬೆರಳು ಎಳೆಯುತ್ತಲೇ ಇತ್ತು, ತಲೆ ತಣ್ಣಗೇ ಇತ್ತು, ಯಾರದೋ ಮನೆಯ ಲೆಕ್ಕ ಬಿಡಿಸುತ್ತಿರುವ ಹಾಗೆ. ಲ್ಯಾಬಿಗೆ ಫೋನು ಮಾಡಿದಳು. ಅಕ್ಕ, ಭಾನುವಾರ ಲ್ಯಾಬ್ ತೆಗೆದಿರುತ್ತಾ? ಭಾನುವಾರ ನಾನು ಲ್ಯಾಬಿನ ಬಾಗಿಲು ತೆಗೆದರೆ ನಮ್ಮ ಯಜಮಾನರು ಮನೆ ಬಾಗಿಲು ತೆಗೀತಾರೇನೇ, ಎಂದು ನಕ್ಕರು ಲ್ಯಾಬಿನ ಅಕ್ಕ. ಹಾಗಲ್ಲ ಅಕ್ಕ, ಒಂಬತ್ತನೇ ಟ್ಯಾಂಕು, ಕೆಂಪು ಬಂದಿದ್ದು ಯಾವತ್ತು? ನಗು ನಿಂತಿತು. ಎಂಟನೇ ತಾರೀಖು, ಸೋಮವಾರ, ಹನ್ನೊಂದು ಗಂಟೆ ಹೊತ್ತಿಗೆ ನಾನೇ ನೋಡಿದ್ದು, ಯಾಕೆ? ನಿಮ್ಮನ್ನ ವಿಚಾರಣೆಯಲ್ಲಿ ಯಾರೂ ಕೇಳಲಿಲ್ವಾ ಅಕ್ಕ? ರಿಜಿಸ್ಟರ್ ತರಲಾ ಅಂತ ನಾನೇ ಕೇಳಿದೆನಮ್ಮ, ಬೇಡ, ವೆಬ್‌ಸೈಟಲ್ಲೇ ಇದೆಯಲ್ಲ ಅಂದರು. ಸೋಮವಾರ ಹನ್ನೊಂದು. ಅವನು ವಾಲ್ವ್ ತಿರುಗಿಸಿ ಆರು ಗಂಟೆಯಾದ ಮೇಲೆ.

ಕಾರಣ ಹುಡುಕುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು, ಹುಡುಕುವುದು ಅಂದರೆ ತಾನು ಬರೆದದ್ದನ್ನು ತಾನೇ ಓದುವುದು. ಲ್ಯಾಬಿನವರು ತಾರೀಖು ಮಾತ್ರ ತುಂಬುತ್ತಾರೆ, ಗಂಟೆ ತುಂಬುವುದಿಲ್ಲ, ಗಂಟೆ ಇಲ್ಲದ ತಾರೀಖನ್ನು ಪ್ರೋಗ್ರಾಮು ಆ ದಿನದ ಮೊದಲ ಕ್ಷಣ ಅಂದುಕೊಳ್ಳುತ್ತದೆ, ಆದರೆ ಸರ್ವರು ಕೂತಿರುವುದು ಬೇರೆಲ್ಲೋ, ಅದರ ಗಡಿಯಾರ ನಮ್ಮದಕ್ಕಿಂತ ಗಂಟೆಗಟ್ಟಲೆ ಹಿಂದೆ, ನಮ್ಮಲ್ಲಿ ಎಂಟು ಹುಟ್ಟುವಾಗ ಅಲ್ಲಿ ಇನ್ನೂ ಏಳರ ಸಂಜೆ, ಸೋಮವಾರ ಅಲ್ಲಿಗೆ ಹೋಗಿ ಭಾನುವಾರವಾಗಿ ವಾಪಸು ಬರುತ್ತದೆ. ಹಾಗೆ ಬಂದದ್ದರ ಗಂಟೆ ತೋರಿಸಿದ್ದರೆ ಯಾರಾದರೂ ಇದೇನು ಸಂಜೆಯ ಹೊತ್ತು ಎಂದು ಕೇಳುತ್ತಿದ್ದರು, ಗಂಟೆಯನ್ನು ಕತ್ತರಿಸಿ ಹಾಕಿದ್ದು ಅವಳೇ, ಚೊಕ್ಕವಾಗಿರಲಿ ಅಂತ, ಒಂದು ಸಾಲು, ಎರಡು ವರ್ಷದ ಹಿಂದೆ ಯಾವುದೋ ಮಧ್ಯಾಹ್ನ ಊಟ ಮುಗಿಸಿ ಬಂದು ಬರೆದದ್ದು, ಅವತ್ತು ಏನು ಉಟ್ಟಿದ್ದೆ, ಯಾರ ಜೊತೆ ನಗುತ್ತಿದ್ದೆ, ಒಂದೂ ನೆನಪಿಲ್ಲ. ಸಾಹೇಬರ ಕೋಣೆಯಲ್ಲಿ ನಿಂತು ಹೇಳಿದಳು, ಹೇಳುವಾಗ ತನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿತು. ಅವರು ಕನ್ನಡಕ ತೆಗೆದು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಸರಿ ಮಾಡೋಕೆ ಎಷ್ಟು ಹೊತ್ತು ಬೇಕು? ಒಂದು ಸಾಲು ಸರ್, ಎರಡು ನಿಮಿಷ. ಹಾಗಾದರೆ ಮಾಡಿಬಿಡಮ್ಮ, ಇವತ್ತಿನದು ಮುಗಿಯಲಿ, ನಾಳೆ ಮಾಡು, ಯಾರಿಗೂ ಗೊತ್ತಾಗಲ್ಲ. ಸರ್, ಅವರ ಕೆಲಸ ಹೋಗುತ್ತೆ. ಅವನೇ ಒಪ್ಪಿಕೊಂಡಿದ್ದಾನಲ್ಲ, ಮೊನ್ನೆ ಬರೆದು ಸಹಿ ಹಾಕಿ ಕೊಟ್ಟಿದ್ದಾನೆ, ಕೆಂಪು ಕಂಡೆ, ಗಮನ ಎಲ್ಲೋ ಇತ್ತು, ಬಿಟ್ಟೆ ಅಂತ, ನಾನೇನು ಕತ್ತು ಹಿಡಿದು ಬರೆಸಿದೆನಾ, ಎರಡು ವರ್ಷದ ಚಾರ್ಟೆಲ್ಲ ತಪ್ಪು ಅಂತ ಈಗ ಹೇಳಿದರೆ ಪೇಪರಿನವರು ಸುಮ್ಮನಿರ್ತಾರಾ, ಮೊದಲು ಹೋಗೋದು ನಿನ್ನ ತಲೆ, ಆಮೇಲೆ ನನ್ನದು, ನನಗೆ ಇನ್ನು ಹದಿನಾಲ್ಕು ತಿಂಗಳು ಸರ್ವೀಸು. ಒಳ್ಳೆಯ ಮನುಷ್ಯ, ಅವಳ ಹೆರಿಗೆಯ ರಜೆಗೆ ಯಾರ ಯಾರ ಕೈಕಾಲು ಹಿಡಿದು ಸಹಿ ಹಾಕಿಸಿದವರು, ಈಗ ಮೇಜಿನ ಮೇಲಿನ ಪಿನ್ನುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದಾರೆ. ಕೆಂಪು ಕಂಡೆ ಅಂತ ಬರೆದಿದ್ದಾನಾ? ಎಂಟರ ಬೆಳಿಗ್ಗೆ ಐದಕ್ಕೆ ಕೆಂಪೇ ಇರಲಿಲ್ಲ, ಇಡೀ ಲೋಕದಲ್ಲಿ ಯಾರ ಫೋನಿನಲ್ಲೂ ಇರಲಿಲ್ಲ, ಇಲ್ಲದ್ದು ಅವನಿಗೆ ಹೇಗೆ ಕಂಡಿತು? ಆಗಲಿ ಸರ್ ಅನ್ನುವುದಕ್ಕೆ ಬಾಯಿ ತೆರೆಯಿತು, ಮಾತು ಬರಲಿಲ್ಲ, ಬರುವುದಿಲ್ಲ ಎಂದು ಅವರಿಗೂ ತಿಳಿಯಿತೇನೋ, ಕೊನೆಯ ಪಿನ್ನು ಹಾಕಿ ಡಬ್ಬಿಯ ಮುಚ್ಚಳ ಒತ್ತಿದರು. ಹೋಗು, ಹೇಳೋದಿದ್ದರೆ ನೀನೇ ಹೇಳು, ನಾನು ಕೇಳಿಸಿಕೊಂಡಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಈ ತುದಿಯಲ್ಲಿ ವಿಚಾರಣೆ ನಡೆಸುವ ಮೇಡಮ್ಮು, ಕೂದಲು ಪೂರಾ ಬೆಳ್ಳಗೆ, ಪಕ್ಕದಲ್ಲಿ ಟೈಪು ಮಾಡುವವ, ಆ ತುದಿಯಲ್ಲಿ ನೀರು ಬಿಡುವವ ಒಬ್ಬನೇ, ಗೋಡೆ ಸಿಗದ ಕಡೆ ಕೂರಿಸಿದ್ದಕ್ಕೋ ಏನೋ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಅವಳು ಲ್ಯಾಪ್‌ಟಾಪ್ ಹಿಡಿದು ಒಳಗೆ ಹೋದಳು, ಹಿಂದೆಯೇ ಲ್ಯಾಬಿನ ಅಕ್ಕ, ಕಂಕುಳಲ್ಲಿ ರಿಜಿಸ್ಟರು, ಮೂರು ಮಹಡಿ ಹತ್ತಿದ ಏದುಸಿರು. ಹೇಳಿದಳು, ಎಷ್ಟು ಸರಳವಾಗಿ ಹೇಳಲು ಸಾಧ್ಯವೋ ಅಷ್ಟು, ಚಾರ್ಟು ಒಂದು ದಿನ ಹಿಂದೆ ತೋರಿಸುತ್ತಿದೆ, ಎರಡು ವರ್ಷದಿಂದ, ತಪ್ಪು ನನ್ನದು, ಇದು ಭಾನುವಾರ, ಭಾನುವಾರ ಲ್ಯಾಬು ಮುಚ್ಚಿರುತ್ತೆ, ಇದು ರಿಜಿಸ್ಟರಿನ ಪುಟ, ಇಲ್ಲಿ ಎಂಟು ಅಂತ ಇದೆ. ಮೇಡಮ್ಮು ರಿಜಿಸ್ಟರು ನೋಡಿದರು, ಪರದೆ ನೋಡಿದರು, ಗೋಡೆಯ ಕ್ಯಾಲೆಂಡರಿನ ಹತ್ತಿರ ಎದ್ದು ಹೋಗಿ ಅದನ್ನೂ ನೋಡಿದರು, ವಾಪಸು ಬಂದು ಕೂತು, ಅವಳನ್ನಲ್ಲ, ಅವನನ್ನು ಕೇಳಿದರು, ಹಾಗಾದರೆ ಕೆಂಪು ಕಂಡೆ ಅಂತ ಯಾಕೆ ಬರೆದುಕೊಟ್ಟಿರಿ? ಅವನ ಮುಂದೆ ಚಾರ್ಟಿನ ಪ್ರಿಂಟು, ದಿನಕ್ಕೊಂದು ಚೌಕದ ಮನೆ, ಮಡಚಿ ಬಿಚ್ಚಿ ಮಡಚಿ ನಾಲ್ಕು ಕಡೆ ಸವೆದದ್ದು, ಕೆಂಪು ಚುಕ್ಕಿಯ ಮೇಲೆ ಅವನ ಹೆಬ್ಬೆರಳು — ಅಗಲದ ಉಗುರು, ವಾಲ್ವ್ ತಿರುಗಿಸಿ ತಿರುಗಿಸಿ ನಡುವೆ ಉದ್ದಕ್ಕೆ ಸೀಳಿದೆ, ಸೀಳಿನಲ್ಲಿ ಗ್ರೀಸಿನ ಕಪ್ಪು ಗೆರೆ, ಹತ್ತೊಂಬತ್ತು ದಿನ ಕೆಲಸವಿಲ್ಲದಿದ್ದರೂ ಹೋಗದ ಕಪ್ಪು. ಚಾರ್ಟಲ್ಲಿ ಇತ್ತಲ್ಲ ಮೇಡಮ್, ಅಂದ. ಮೊದಮೊದಲು ಹಸಿರೇ ನೋಡಿದ್ದು ಅಂತ ನೆನಪಿತ್ತು, ಅದನ್ನೇ ಹೇಳ್ತಿದ್ದೆ, ಆಮೇಲೆ ಇದನ್ನ ಕೈಗೆ ಕೊಟ್ಟರು, ದಿನಾ ನೋಡ್ತಿದ್ದೆ, ನೋಡ್ತಾ ನೋಡ್ತಾ ಕೆಂಪು ಕಂಡಿದ್ದೇ ನೆನಪಿಗೆ ಬರೋಕೆ ಶುರುವಾಯ್ತು, ಫೋನು ತೆಗೆದೆ, ಕೆಂಪಿತ್ತು, ಜೇಬಿಗೆ ಹಾಕಿಕೊಂಡು ವಾಲ್ವ್ ತಿರುಗಿಸಿದೆ, ಎಲ್ಲ ಸರಿಯಾಗಿ ಕಾಣುತ್ತೆ ಈಗಲೂ. ನನ್ನ ಮಗಳೂ ಅದೇ ನೀರು ಕುಡಿದಳು ಮೇಡಮ್, ಏಳು ವರ್ಷ, ನಾಲ್ಕು ದಿನ ಡ್ರಿಪ್ಪು ಹಾಕಿದ್ದರು, ಈಗ ಆರಾಮಾಗಿದ್ದಾಳೆ, ಕೆಂಪು ಕಂಡೂ ಬಿಟ್ಟೆಯಾ ಅಂತ ಕೇಳಿದಳು ನಮ್ಮವಳು, ಹೌದು ಅಂದುಬಿಟ್ಟೆ, ಅವತ್ತಿಂದ ಅವಳು ಅಮ್ಮನ ಮನೇಲಿದ್ದಾಳೆ, ಮಗುನೂ ಅಲ್ಲೇ. ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಅವಳು ಪ್ರಿಂಟಿನ ಮೇಲೆ ಬಾಗಿ, ಇದು ಎಂಟು ಅಣ್ಣ, ಈ ಚುಕ್ಕಿ ಇಲ್ಲಿರಬೇಕಿತ್ತು, ಎಂದು ಪಕ್ಕದ ಚೌಕ ತೋರಿಸಿದಳು, ಅಣ್ಣ ಅನ್ನುವುದು ಅವಳ ಬಾಯಿಗೆ ಹೇಗೆ ಬಂತೋ, ಅವನು ಹೆಬ್ಬೆರಳನ್ನು ಎತ್ತದೆ ಕಾಗದದ ಮೇಲೆಯೇ ಜಾರಿಸಿದ, ಏಳರಿಂದ ಎಂಟಕ್ಕೆ, ಒಂದೇ ಮನೆ, ಬೆರಳಗಲದಷ್ಟು ದೂರ, ಅಲ್ಲಿ ಒಂದು ಕ್ಷಣ ಇಟ್ಟುಕೊಂಡ, ಆಮೇಲೆ ಬೆರಳು ತಾನಾಗಿ ವಾಪಸು ಬಂತು, ಏಳರ ಮೇಲೆ.

ಸಸ್ಪೆನ್ಷನ್ ಅಲ್ಲೇ ರದ್ದಾಯಿತು, ನಾಳೆಯಿಂದ ಕೆಲಸಕ್ಕೆ ಬನ್ನಿ ಅಂದರು ಮೇಡಮ್ಮು, ಅವನಿಗೆ ಕಾಗದ, ಅವಳಿಗೂ ಒಂದು ಕಾಗದ, ಏಳು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು, ಅವಳು ಹೋಗಿ ಆ ಒಂದು ಸಾಲು ಬದಲಿಸಿದಳು, ಎರಡು ನಿಮಿಷವೂ ಬೇಕಾಗಲಿಲ್ಲ, ಎರಡು ವರ್ಷದ ಚುಕ್ಕಿಗಳೆಲ್ಲ ಒಂದು ಮನೆ ಬಲಕ್ಕೆ ಸರಿದು ಕೂತವು, ಭಾನುವಾರಗಳೆಲ್ಲ ಖಾಲಿ. ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಅಣ್ಣನ ನೆನಪಾಯಿತು, ಅವಳ ಸ್ವಂತ ಅಣ್ಣ, ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಈಗಲೂ ಹೇಳುತ್ತಾನೆ, ಅಪ್ಪನ ರೇಡಿಯೊ ಬೀಳಿಸಿ ಒಡೆದವನು ನಾನೇ, ಕಪಾಟಿನ ಮೇಲಿಂದ ಜಾರಿತು, ಆ ಸದ್ದು ಈಗಲೂ ಕಿವಿಯಲ್ಲಿದೆ ಎಂದು ಕೈ ಆಡಿಸಿ ತೋರಿಸುತ್ತಾನೆ, ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ — ಬೀಳಿಸಿದ್ದು ಅವಳು, ಆರು ವರ್ಷ ಆಗ, ಸ್ಟೂಲು ಹತ್ತಿ, ಅಣ್ಣ ಮನೆಯಲ್ಲೇ ಇರಲಿಲ್ಲ, ಅಪ್ಪ ಅವನಿಗೇ ಹೊಡೆದರು, ಅವನು ಅಲ್ಲ ಅಲ್ಲ ಅನ್ನುತ್ತಾ ಅತ್ತ, ಅವಳು ಬಾಗಿಲ ಹಿಂದೆ, ಬಾಯಿಗೆ ಬೀಗ. ಫೋನು ಮಾಡಿ ಹೇಳಿಬಿಡಲಾ, ನಲವತ್ತಾರು ವರ್ಷದವನಿಗೆ, ಹೇಳಿದರೆ ಏನನ್ನುತ್ತಾನೆ, ಹೋಗೇ, ನನಗೆ ಗೊತ್ತಿಲ್ವಾ, ಕೈಯಿಂದ ಜಾರಿದ್ದು ಈಗಲೂ ಗೊತ್ತಾಗುತ್ತೆ ಅನ್ನುತ್ತಾನೆ. ಮನೆಗೆ ಬಂದಳು, ಚಪ್ಪಲಿ ಬಿಟ್ಟಳು, ಅತ್ತೆ ಮುಖ ನೋಡಿ ಒಂದು ಲೋಟ ನೀರು ತಂದು ಮುಂದಿಟ್ಟರು, ಕುಡಿಯಲಿಲ್ಲ, ಫೋನು ತೆಗೆದು ಚಾರ್ಟು ನೋಡಿದಳು, ಒಂಬತ್ತನೇ ಟ್ಯಾಂಕು, ಸೋ ಎಂಟರ ಮೇಲೆ ಕೆಂಪು, ಕೆಳಗಿನ ಸಾಲಿನಲ್ಲಿ ತಾರೀಖುಗಳು ನೆಟ್ಟಗೆ ನಿಂತಿವೆ, ಒಂದನ್ನೊಂದು ಮುಟ್ಟದೆ, ಸರಿಯಾಗಿದೆ, ಈಗ ಸರಿಯಾಗಿದೆ, ಅವನು ಹೋಗಿ ಹೆಂಡತಿಗೆ ಏನು ಹೇಳುತ್ತಾನೆ, ಕೆಂಪು ಇರಲಿಲ್ಲವಂತೆ ಅನ್ನುತ್ತಾನಾ, ಇರಲಿಲ್ಲ ಅನ್ನುತ್ತಾನಾ, ಆ ಎರಡರಲ್ಲಿ ಯಾವುದು — ಸೀಳಿದ ಉಗುರು, ಕಪ್ಪು ಗೆರೆ, ಹೆಬ್ಬೆರಳು ಕಾಗದದ ಮೇಲೆ ಜಾರುತ್ತದೆ, ಏಳರಿಂದ ಎಂಟಕ್ಕೆ, ನಿಲ್ಲುತ್ತದೆ, ವಾಪಸು ಬರುತ್ತದೆ, ಅವಳು ಅದನ್ನು ಮತ್ತೆ ಎಂಟಕ್ಕೆ ತಳ್ಳುತ್ತಾಳೆ, ಮನಸ್ಸಿನಲ್ಲೇ, ಬರುತ್ತದೆ, ತಳ್ಳುತ್ತಾಳೆ, ಬರುತ್ತದೆ, ಏಳರ ಮೇಲೆ, ಹೆಬ್ಬೆರಳು, ಏಳರ ಮೇಲೆ