ಗಿಜೆಲ್ಲಾಳ ಬೆಕ್ಕಿನ ಮೀಸೆ

"ಇದೇನಾ ನನ್ನ ಮಗನ ಕಿಡ್ನಿ ತಿಂದದ್ದು?" ಪಿರೋಷ್ಕಾ ಮಗಳ ಲ್ಯಾಬಿನ ಕಂಪ್ಯೂಟರ್ ಪರದೆಯಲ್ಲಿದ್ದ ಪ್ರೋಟೀನಿನ ಚಿತ್ರಕ್ಕೆ ಬೆರಳು ಒತ್ತಿದಳು. ಬೆಳಿಗ್ಗೆ ಬೇಯಿಸಿ ತಂದಿದ್ದ ಪೊಗಾಚಾ ಬನ್ನಿನ ಬೆಣ್ಣೆ ಅಲ್ಲಿ ಮೆತ್ತಿಕೊಂಡಿತು.

"ಅದು ಕಾವಲುಗಾರ ಅಮ್ಮ, ಪಾಪ, ಅದಕ್ಯಾಕೆ ಬೈತೀಯ?" ಮಗಳು ಕಿಂಗಾ ನಕ್ಕಳು. "ರಕ್ತದಲ್ಲಿ ಕಾಂಪ್ಲಿಮೆಂಟ್ ಅಂತ ಒಂದು ಪಡೆ ಇದೆ. ರೋಗಾಣು ಕಂಡ್ರೆ ತೂತು ಕೊರೆದು ಕೊಲ್ಲತ್ತೆ. ಈ ಪ್ರೋಟೀನು ನಮ್ಮ ಜೀವಕೋಶನ ಹಿಡ್ಕೊಂಡು, ಇವ್ರು ಮನೆಯವ್ರು, ಮುಟ್ಬೇಡ ಅಂತ ಆ ಪಡೇನ ತಡೀಬೇಕು. ಚಾಬಾಂದು ನೋಡು, ಹಿಡಿಯೋ ಜಾಗದಲ್ಲೇ ಒಂದು ಚೂರು ಬದಲಾಗಿದೆ. ಹಿಡಿತ ಜಾರತ್ತೆ, ಪಡೆ ಕಿಡ್ನಿ ಮೇಲೇ ಬೀಳತ್ತೆ."

ಕಿಂಗಾಳ ತಮ್ಮ ಚಾಬಾನ ರಕ್ತಪರೀಕ್ಷೆಯಲ್ಲಿ ಆ ಬದಲಾವಣೆ ಎಂದೋ ಸಿಕ್ಕಿತ್ತು. ಅದೇ ಕಾರಣವೆಂದು ಹೇಳುವ ಧೈರ್ಯ ಮಾತ್ರ ಬುಡಾಪೆಸ್ಟಿನ ಯಾವ ವೈದ್ಯರಿಗೂ ಇರಲಿಲ್ಲ. ಬೇರೆಯದೇ ಕಾರಣ ಹೇಳುವ ಧೈರ್ಯ ಪಿರೋಷ್ಕಾಗೆ ಇತ್ತು. ತನ್ನ ತಂಗಿ ಗಿಜೆಲ್ಲಾ ಕಾಯಿಸದೆ ಕುಡಿಸಿದ ಹಾಲೇ ಹುಡುಗನನ್ನು ಕೆಡಿಸಿತೆಂದು ತೀರ್ಪು ಕೊಟ್ಟು, ಬೇಲಿಯಾಚೆಯ ತಂಗಿಯ ಮನೆಯ ಕಡೆ ತಲೆ ಎತ್ತಿ ನೋಡುವುದನ್ನೇ ಬಿಟ್ಟಳು. ಹಟದಲ್ಲಿ ಆಕೆಯನ್ನು ಮೀರಿಸುವವರು ಆ ಹಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ.

"ಹಾಗಾದ್ರೆ ಹಾಲು?"

"ಇದು ಹುಟ್ಟಿನಿಂದ ಬಂದದ್ದು. ಹಾಲು ಇಲ್ದಿದ್ರೂ ಈ ಕಾಯಿಲೆ ಎಬ್ಬಿಸೋಕೆ ಒಂದು ನೆಗಡಿ ಸಾಕಾಗಿತ್ತು. ಆ ಪಡೇನ ತಡೆಯೋ ಇಂಜೆಕ್ಷನ್ ಇದೆ. ಕಾರಣ ಗೊತ್ತಾಯ್ತಲ್ಲ, ಇನ್ನು ವೈದ್ಯರು ಕೊಡ್ತಾರೆ."

ಪಿರೋಷ್ಕಾ ಪೊಗಾಚಾ ಬುಟ್ಟಿಯನ್ನು ಮೇಜಿನ ಮೇಲಿಟ್ಟು ಕುಳಿತಳು. "ಗಿಜೀ ಹೆಸರಿನ ದಿನದ ಹಬ್ಬದೂಟಕ್ಕೂ ಹೋಗ್ಲಿಲ್ವಲ್ಲೇ ನಾನು."

ಕಿಂಗಾ ಮೇಜಿನಿಂದ ಒಂದು ಬೆಂಕಿಪೊಟ್ಟಣ ತೆಗೆದಳು. ಒಳಗೆ ನಾಲ್ಕಾರು ಬೆಕ್ಕಿನ ಮೀಸೆ ಕೂದಲು.

"ಪ್ರೋಟೀನಿನ ಆಕಾರ ನೋಡೋಕೆ ಅದನ್ನ ಹರಳಾಗಿ ಬೆಳೆಸ್ಬೇಕು. ಇದು ಸರಿಯಾಗಿ ಬೆಳೀಲೇ ಇಲ್ಲ, ಬರೀ ಪುಡಿಪುಡಿ ಹರಳು ಬಂತು. ಆಮೇಲೆ ಆ ಪುಡೀಲಿ ಈ ಮೀಸೆ ಅದ್ದಿ, ಪ್ರೋಟೀನಿನ ಹೊಸ ಹನೀಲಿ ಗೆರೆ ಎಳೆದೆ. ಗೆರೆ ಉದ್ದಕ್ಕೂ ಹರಳು ಮೂಡ್ತು."

"ಲ್ಯಾಬಲ್ಲಿ ಬೆಕ್ಕೆಲ್ಲಿ ಬಂತೇ?"

"ಚಿಕ್ಕಮ್ಮನ ಬೆಕ್ಕು. ಉದುರಿದ್ದನ್ನ ಆರಿಸಿ ಕಳಿಸ್ತಾಳೆ. ತನ್ನ ಹಾಲೇ ಕಾರಣ ಅಂತ ಅವಳೂ ನಂಬಿದಾಳಮ್ಮ. ಮೀಸೆ ಕಳಿಸೋದು ನಿನಗೆ ಹೇಳ್ಬೇಡ ಅಂದಿದ್ಲು, ಎಲ್ಲಿ ಬಿಸಾಕ್ತೀಯೋ ಅಂತ."

ಪಿರೋಷ್ಕಾಗೆ ಅಳು ತಡೆಯಲಾಗಲಿಲ್ಲ. ಅತ್ತು, ಮೂಗೊರೆಸಿಕೊಂಡು, ಪೊಗಾಚಾ ಬುಟ್ಟಿಗೆ ಕೈ ಹಾಕುತ್ತಿದ್ದ ಮಗಳ ಕೈಗೆ ಒಂದು ಏಟು ಕೊಟ್ಟಳು. "ಸಾಕು. ಉಳಿದದ್ದು ನಿನಗಲ್ಲ."

ಸಂಜೆ ಹಳ್ಳಿಯಲ್ಲಿ ಬಸ್ಸಿಳಿದು, ಬುಟ್ಟಿ ಹಿಡಿದು ತನ್ನ ಮನೆ ದಾಟಿ ಮುಂದೆ ನಡೆದಳು. ಗಿಜೆಲ್ಲಾ ಅಂಗಳದಲ್ಲಿ ಹಾಲಿನ ಪಾತ್ರೆ ತೊಳೆಯುತ್ತಿದ್ದಳು. ಅಕ್ಕನನ್ನು ಕಂಡವಳೇ ಪಾತ್ರೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

"ಹಾಲಲ್ಲ ಕಣೇ ಗಿಜೀ," ಪಿರೋಷ್ಕಾ ಬುಟ್ಟಿಯನ್ನು ಅಂಗಳದಲ್ಲಿಟ್ಟಳು. "ಹಾಲಲ್ವಂತೆ."

ಪಾತ್ರೆ ಮೆಲ್ಲಗೆ ಮುಂದೆ ಬಂತು. ಅದರಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಅಷ್ಟರಲ್ಲಿ ಬೆಕ್ಕು ಬಂದು ಬುಟ್ಟಿಯನ್ನು ಮೂಸತೊಡಗಿತು.