ಸುವಾರ್ತಮ್ಮನ ತಕರಾರು

ಸುವಾರ್ತಮ್ಮ ಪ್ರಾರ್ಥನೆ ಮಾಡುವುದನ್ನು ಮೊದಲ ಸಲ ಕೇಳಿದವರು ಅವಳು ಯಾರನ್ನೋ ಬೈಯುತ್ತಿದ್ದಾಳೆಂದೇ ತಿಳಿಯುತ್ತಾರೆ; ನಾನೂ ಹಾಗೆಯೇ ತಿಳಿದಿದ್ದೆ. ಕುಷ್ಟಗಿಯ ಕಾಲೇಜಿಗೆ ಕನ್ನಡ ಅಧ್ಯಾಪಕಿಯಾಗಿ ಬಂದು ಅವಳ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದ ಹೊಸದರಲ್ಲಿ, ದಿನವೂ ಬೆಳಗಿನ ಹೊತ್ತು ಗೋಡೆಯಾಚೆಯಿಂದ ರೊಟ್ಟಿ ಬಡಿಯುವ ಸಪ್ಪಳದ ನಡುನಡುವೆ ಒಂದು ಗಡುಸಾದ ಹೆಣ್ಣುದನಿ ಏರಿ ಬರುತ್ತಿತ್ತು: "ನೀನ ಹೇಳೀದಿಲ್ಲೋ? ಬಾಯಿಲೆ ಹೇಳೀದಿ, ಬರಸೀನೂ ಇಟ್ಟೀದಿ. ಈಗ ಸುಮ್ಮ ಕುಂತರ ಹ್ಯಾಂಗ?" ಗಂಡನಾದವನ ಪಾಡು ಇಷ್ಟು ಬೆಳಿಗ್ಗೆಯೇ ಹೀಗಾಗಬಾರದಿತ್ತು ಎಂದು ನಾನು ಮರುಕಪಟ್ಟಿದ್ದೂ ಉಂಟು. ಆಮೇಲೆ ತಿಳಿಯಿತು, ಗಂಡ ಗಾಳೆಪ್ಪ ಆ ಹೊತ್ತಿಗಾಗಲೇ ದಾಳಿಂಬೆಯ ಪೆಟ್ಟಿಗೆಗಳನ್ನು ಲಾರಿಗೆ ಹೇರಲು ಹೊರಟುಹೋಗಿರುತ್ತಿದ್ದ. ಬೈಸಿಕೊಳ್ಳುತ್ತಿದ್ದವನು ಪರಲೋಕದಲ್ಲಿರುವ ತಂದೆ.

ಅವಳು ಹುಟ್ಟಿದ್ದು ಗಂಗಾವತಿಯ ಕಡೆಯ ಕಾಲುವೆ ಸೀಮೆಯಲ್ಲಿ, ಆಂಧ್ರದಿಂದ ವಲಸೆ ಬಂದವರು ಕಟ್ಟಿಕೊಂಡ ಒಂದು ಕ್ಯಾಂಪಿನಲ್ಲಿ. ತಾತನ ಕಾಲದಿಂದಲೂ ಯೇಸುಸ್ವಾಮಿಯನ್ನು ನಂಬಿಕೊಂಡು ಬಂದ ಮನೆತನ. ನೀರಿನ ಊರಿನಿಂದ ನೀರಿಲ್ಲದ ಊರಿಗೆ ಮದುವೆಯಾಗಿ ಬಂದವಳು, ಭತ್ತದ ಅನ್ನವನ್ನು ಬಿಟ್ಟು ಜೋಳದ ರೊಟ್ಟಿಯನ್ನು ಕಲಿತು, ಕಲಿತದ್ದನ್ನೇ ಕಸುಬು ಮಾಡಿಕೊಂಡು ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಸೀರೆಯ ಮೇಲೆ ಸದಾ ಗಂಡನ ಹಳೆಯ ಖಾಕಿ ಅಂಗಿ. ಅದರ ತೋಳನ್ನು ಮೊಣಕೈಯವರೆಗೆ ಮಡಚಿರುತ್ತಾಳೆ. ಮಾತು ಕುಷ್ಟಗಿಯದೇ ಆದರೂ ಸಿಟ್ಟು ನೆತ್ತಿಗೇರಿದಾಗ ಮಾತ್ರ ತವರಿನ ತೆಲುಗು ಒಡೆದು ಬಂದು, ದೇವರು "ಏಮಯ್ಯಾ" ಎಂದು ಕರೆಸಿಕೊಳ್ಳುತ್ತಾನೆ. ಅವಳ ನಡಿಗೆಯನ್ನು ನೋಡಿದವರು ಮರೆಯಲಾರರು. ಸೊಂಟ ಎಡಕ್ಕೆ ಒಡ್ಡಿ, ಬಲಭುಜ ಕೊಂಚ ಮೇಲೆದ್ದು, ಬರಿಗೈಯಲ್ಲಿ ಬರುವಾಗಲೂ ಯಾವುದೋ ಭಾರವನ್ನು ಹೊತ್ತವಳಂತೆ ಓರೆಯಾಗಿ ಬರುತ್ತಾಳೆ. ಆ ಓರೆಗೆ ಕಾರಣ ಮಗಳು ಸಲೋಮಿ. ನಡೆಯಲಾರದ ಆ ಮಗುವನ್ನು ವರ್ಷಗಟ್ಟಲೆ ಎಡಸೊಂಟದ ಮೇಲೆ ಹೊತ್ತು ತಿರುಗಿದ ದೇಹ, ಹೊರೆ ಇಳಿದ ಮೇಲೂ ನೆಟ್ಟಗಾಗಲಿಲ್ಲ.

ಸಲೋಮಿಯ ಹೆರಿಗೆ ಬಹಳ ಹೊತ್ತು ಎಳೆದಾಡಿತಂತೆ. ಹುಟ್ಟಿದ ಮಗು ಅಳಲಿಲ್ಲವಂತೆ. ಕೆಲವು ತಿಂಗಳಾದ ಮೇಲೆ ಕೊಪ್ಪಳದಲ್ಲಿ ಡಾಕ್ಟರೊಬ್ಬರು ಮಗುವಿನ ಬಿಗಿದ ಕಾಲುಗಳನ್ನು ಮೆಲ್ಲಗೆ ಮಡಿಸಿ ನೋಡಿ, ಹುಟ್ಟುವಾಗ ಮಿದುಳಿಗೆ ಉಸಿರು ಸಾಲಲಿಲ್ಲ, ಕೈಕಾಲು ಹೀಗೆಯೇ ಬಿಗಿಯಾಗಿರುತ್ತವೆ, ಮಾತು ತಡವಾಗಿ ಬರುತ್ತದೆ ಎಂದು ಹೇಳಿದರು. ಅಂದು ಮನೆಗೆ ಬಂದ ಸುವಾರ್ತಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಎದೆಯ ಹಾಲು ಬತ್ತಿತು. ಕೂಸು ಅತ್ತರೆ ಯಾರದೋ ಮನೆಯ ಕೂಸು ಅತ್ತಂತೆ ಕೇಳುತ್ತಿತ್ತು ಎಂದು ಅವಳೇ ನನ್ನೆದುರು ಹೇಳಿದ್ದಾಳೆ, ಮುಚ್ಚುಮರೆಯಿಲ್ಲದೆ. ಅತ್ತೆ ಪಾರಮ್ಮ ಓಣಿಗೆಲ್ಲ ಕೇಳುವಂತೆ, "ಹೆತ್ತ ಕೂಸಿನ ಮಾರಿ ನೋಡವಲ್ಲಳು, ಇಕಿ ಎದಿಯಾಗ ಕಲ್ಲೈತಿ" ಎಂದಳು. ನೆರೆಯವರು ಬಂದು, ತಾಯಿಕರುಳು ಎಂಥದು, ತಾಯಿ ಎಂದರೆ ಹೇಗಿರಬೇಕು ಎಂದು ಬುದ್ಧಿ ಹೇಳಿ ಹೋದರು. ಬುದ್ಧಿ ಹೇಳದೆ ಬಂದವಳು ಎದುರುಮನೆಯ ಬಾಷಾಬಿ ಒಬ್ಬಳೇ. ಅವಳು ಕೂಸನ್ನು ಎತ್ತಿಕೊಂಡು ಹೋಗಿ, ನೀರೆರೆದು, ಚಮಚೆಯಿಂದ ಹಾಲು ಕುಡಿಸಿ, ತಂದು ತಾಯಿಯ ಬೆನ್ನಿಗೆ ತಾಗಿಸಿ ಮಲಗಿಸಿ ಹೋಗುತ್ತಿದ್ದಳು. "ಮುಂದ ಇಟ್ಟರ ನೋಡಬೇಕಾಗ್ತೈತಿ ಅಂತ ಹಿಂದ ಇಡ್ತಿದ್ದೆ. ಬಿಸಿ ಆದ್ರೂ ಹತ್ತಲಿ ಅಂತ" ಎಂದು ಬಾಷಾಬಿ ಇಂದಿಗೂ ಸಹಜವಾಗಿ ಹೇಳುತ್ತಾಳೆ.

ಗಾಳೆಪ್ಪ ಮಿತಭಾಷಿ. ಹೆಂಡತಿಗೆ ಏನು ಹೇಳಬೇಕೆಂದು ತಿಳಿಯದೆ, ಒಂದು ಮಧ್ಯಾಹ್ನ ಹೊಸ್ತಿಲ ಮೇಲೆ ಕುಳಿತು, ಬೈಬಲ್ಲನ್ನು ತೆರೆದಲ್ಲಿಂದ ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಗಟ್ಟಿಯಾಗಿ ಓದತೊಡಗಿದ. ಹೆತ್ತವಳು ತನ್ನ ಮೊಲೆಗೂಸನ್ನು ಮರೆತಾಳೇ ಎಂಬ ಪ್ರಶ್ನೆಗೆ ಬಂದವನು ಗಕ್ಕನೆ ನಿಂತ. ಗಾಯಕ್ಕೇ ಕೈ ಹಾಕಿದೆನೇನೋ ಎಂಬ ಭಯ.

ಗೋಡೆಯ ಕಡೆಯಿಂದ ದನಿ ಬಂತು: "ಯಾಕ ನಿಂತಿ? ಮುಂದ ಓದು."

ಅವನು ಓದಿದ. ಮರೆತರೂ ಮರೆತಾಳು, ನಾನು ಮಾತ್ರ ನಿನ್ನನ್ನು ಮರೆಯೆ, ಎಂದಿತ್ತು.

ಸುವಾರ್ತಮ್ಮ ಈ ಕಡೆ ಹೊರಳಿದಳು. ಅದನ್ನೇ ಮತ್ತೆ ಓದಿಸಿದಳು.

ಸಮಾಧಾನದ ನೂರು ಮಾತುಗಳು ಮುಟ್ಟದ ಅವಳನ್ನು ಆ ಒಂದು ವಾಕ್ಯ ಹೇಗೆ ಮುಟ್ಟಿತೆಂದು ನಾನು ಕೇಳಿದಾಗ, ಹಿಟ್ಟು ನಾದುತ್ತಿದ್ದ ಕೈಯನ್ನು ನಿಲ್ಲಿಸದೆ ಹೇಳಿದಳು: "ಊರೆಲ್ಲಾ ತಾಯಿ ಅಂದ್ರ ಮರಿಯಂಗಿಲ್ಲ ಅಂತಿತ್ರಿ ಅಕ್ಕಾರ. ಮರತರೂ ಮರೀಬಹುದು ಅಂದಾಂವ ಅವನೊಬ್ಬನ. ನನ್ನಂಥಾಕಿ ಒಬ್ಬಾಕಿ ಬರ್ತಾಳ ಅಂತ ಅವಗ ಮೊದಲ ಗೊತ್ತಿತ್ತು. ಗೊತ್ತಿದ್ದೂ ಬೈಲಿಲ್ಲ ನೋಡ್ರಿ." ನಕ್ಕಳು. "ಅವತ್ತ ಹೇಳಿಬಿಟ್ಟೆ, ಹಂಗಾರ ನಾ ಏಳೂತನಕ ಈ ಕೂಸಿನ ಜ್ವಾಪಾನ ನಿಂದು. ನೀನೂ ಮರತಿ ಅಂದ್ರ ನಾ ಬಿಡಾಕಿ ಅಲ್ಲ ಅಂತ."

ಜಗಳ ಆರಂಭವಾದದ್ದು ಅಂದಿನಿಂದ. ಹಾಗೆಂದು ಮರುದಿನವೇ ಎದ್ದು ನಿಂತಳೆಂದು ಬರೆದರೆ ಸುಳ್ಳಾದೀತು. ಏಳಲು ಬಹಳ ಕಾಲ ಹಿಡಿಯಿತು. ಬಾಷಾಬಿ ಹಟ ಮಾಡಿ ಅವಳನ್ನು ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಗುಳಿಗೆ ಬರೆದುಕೊಟ್ಟರು. ನಂಬಿಕೆ ಇದ್ದವಳಿಗೆ ಗುಳಿಗೆ ಯಾಕೆ ಎಂದು ಚರ್ಚಿನ ಸಭೆಯಲ್ಲಿ ಯಾರೋ ಕೇಳಿದರಂತೆ. "ವಾಕ್ಯನೂ ನುಂಗೀನಿ, ಗುಳಿಗೀನೂ ನುಂಗೀನಿ. ಎರಡೂ ಹೊಟ್ಟ್ಯಾಗ ಜಗಳ ಆಡಿಲ್ಲ" ಎಂದು ಅವಳು ಉತ್ತರ ಕೊಟ್ಟಳು.

ಅದೇ ಸಭೆಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಊರಿನ ಕ್ರೈಸ್ತರು ಈಗಲೂ ದನಿ ತಗ್ಗಿಸಿ ಹೇಳುತ್ತಾರೆ. ಒಂದು ಭಾನುವಾರ ಸಭೆಯ ಹಿರಿಯರೊಬ್ಬರು, ದುರುದ್ದೇಶವೇನೂ ಇಲ್ಲದೆ, ಕಣ್ಣು ಮುಚ್ಚಿ, ಈ ಮಗುವಿನ ತಾಯ್ತಂದೆಗಳ ಮರೆಯಾದ ಪಾಪವನ್ನು ಮನ್ನಿಸು ಕರ್ತನೇ ಎಂದು ಪ್ರಾರ್ಥಿಸಿದರು. ಎಲ್ಲರೂ ಆಮೆನ್ ಎನ್ನುವ ಮೊದಲೇ ಹೆಂಗಸರ ಕಡೆಯಿಂದ ಸುವಾರ್ತಮ್ಮ ಎದ್ದು ನಿಂತಳು. ಸೊಂಟದ ಮೇಲೆ ಸಲೋಮಿ, ಮೈಮೇಲೆ ಖಾಕಿ ಅಂಗಿ.

"ಕಣ್ಣು ತೆಗೀರಿ ಹಿರೇರ. ಹುಟ್ಟುಗುರುಡನ್ನ ತೋರಿಸಿ, ಇದು ಯಾರು ಮಾಡಿದ ಪಾಪ ಅಂತ ಶಿಷ್ಯರು ಕೇಳಿದಾಗ ಸ್ವಾಮಿ ಏನಂದ? ಇವನೂ ಪಾಪ ಮಾಡಿಲ್ಲ, ಇವನ್ನ ಹೆತ್ತವರೂ ಮಾಡಿಲ್ಲ ಅಂದ. ಅವನ ಇಲ್ಲ ಅಂದದ್ದನ್ನ ಐತಿ ಅನ್ನಾಕ ನೀವು ಯಾರ್ರಿ?"

 ಇನ್ನು ಅವಳು ಆ ಕಡೆ ಮುಖ ಹಾಕುವುದಿಲ್ಲವೆಂದು ಎಲ್ಲರೂ ಭಾವಿಸಿದರು. ಮುಂದಿನ ಭಾನುವಾರ ಅವಳು ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಮುಂದಿನ ಜಮಖಾನೆಯ ಮೇಲೆ ಮಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಕಣ್ಣು ಮುಚ್ಚಿಕೊಂಡು ಪ್ರಾರ್ಥಿಸಲು ಆ ಹಿರಿಯರಿಗೆ ಅಂದು ಧೈರ್ಯವಾಗಲಿಲ್ಲವಂತೆ.

ಸಲೋಮಿಗೆ ಶಾಲೆಗೆ ಸೇರುವ ವಯಸ್ಸಾದಾಗ ನಾನು ಆ ಓಣಿಗೆ ಬಂದಾಗಿತ್ತು. ಮುಂದಿನದಕ್ಕೆ ನಾನೇ ಸಾಕ್ಷಿ. ಹುಡುಗಿಯ ಮಾತು ನಿಧಾನ, ಒಂದೊಂದು ಶಬ್ದವನ್ನೂ ಕಲ್ಲು ಸರಿಸಿ ಹೊರತೆಗೆದಂತೆ. ಬುದ್ಧಿ ಮಾತ್ರ ಚುರುಕು. ಶಾಲೆಯ ಮುಖ್ಯಗುರುಗಳಾಗಿದ್ದ ಪ್ರಭುರಾಜ ಮಾಸ್ತರರು ಕೆಟ್ಟ ಮನುಷ್ಯರಲ್ಲ, ಅಂಜುಬುರುಕರು. "ಮೆಟ್ಟಲದಾವ, ಬಿದ್ಲಂದ್ರ ಯಾರು ಹೊಣಿ? ಪಾಯಖಾನಿಗೆ ಯಾರು ಕರಕೊಂಡು ಹೋಗಬೇಕು? ಮುಂದಿನ ವರ್ಷ ನೋಡೂಣು" ಎಂದರು. ಮುಂದಿನ ವರ್ಷವೂ ಅದನ್ನೇ ಅಂದರು. ಅವರು ಹಾಗೆ ನಿರಾಕರಿಸುವಂತಿಲ್ಲ, ಕಾನೂನು ನಿನ್ನ ಕಡೆಗಿದೆ, ಮೇಲಿನ ಅಧಿಕಾರಿಗಳ ಬಳಿಗೆ ಹೋಗೋಣ ಬಾ ಎಂದು ನಾನು ಕರೆದೆ.

"ಬರ್ತೀನ್ರಿ ಅಕ್ಕಾರ. ಅದಕ್ಕಿಂತ ಮೊದ್ಲ ಒಂದು ಮಾಡಿ ನೋಡ್ತೀನಿ" ಎಂದು ಅವಳು ಬೈಬಲ್ಲಿನ ವಿಧವೆಯೊಬ್ಬಳ ಕಥೆ ಹೇಳಿದಳು. ದೇವರಿಗೂ ಹೆದರದ, ಮನುಷ್ಯರಿಗೂ ನಾಚದ ಒಬ್ಬ ನ್ಯಾಯಾಧಿಪತಿ. ಅವನ ಬಾಗಿಲಿಗೆ ದಿನವೂ ಬಂದು ನ್ಯಾಯ ಕೊಡು ಎಂದು ನಿಲ್ಲುವ ಒಬ್ಬ ವಿಧವೆ. ಕೊನೆಗೆ ನ್ಯಾಯದ ಮೇಲಿನ ಪ್ರೀತಿಯಿಂದಲ್ಲ, ಅವಳ ಕಾಟ ತಾಳಲಾರದೆ ಅವನು ನ್ಯಾಯ ಕೊಟ್ಟದ್ದು. "ನಾ ವಿಧವಿ ಅಲ್ಲ, ಮಾಸ್ತರ ಕೆಟ್ಟವರಲ್ಲ. ಆದ್ರ ಕಾಟ ಕೊಡಾಕ ಬರ್ತೈತ್ರಿ ನನಗ."

ಆಮೇಲೆ ಪ್ರತಿದಿನ ಬೆಳಿಗ್ಗೆ ರೊಟ್ಟಿಯ ಕೆಲಸ ಮುಗಿಸಿ, ಹುಡುಗಿಯನ್ನು ಸೊಂಟಕ್ಕೇರಿಸಿ, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಲ್ಲತೊಡಗಿದಳು. "ನಮಸ್ಕಾರ್ರೀ ಸರ್, ಸಲೋಮಿ ಬಂದಾಳ" ಎಂಬುದಷ್ಟೇ ಮಾತು. ಇಲ್ಲವೆಂದರೆ ವಾದಿಸುತ್ತಿರಲಿಲ್ಲ, ಒಂದನೆಯ ತರಗತಿಯ ಕಿಟಕಿಯ ಹೊರಗೆ ಚೀಲ ಹಾಸಿ ಮಗಳನ್ನು ಕೂರಿಸಿ, ತಾನು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಒಳಗೆ ಮಕ್ಕಳು ಮಗ್ಗಿ ಹೇಳಿದರೆ ಹೊರಗೆ ಸಲೋಮಿ ಒಂದು ಸಾಲು ಹಿಂದಾಗಿ ಹೇಳುತ್ತಿದ್ದಳು. ಒಳಗಿನ ಮಕ್ಕಳು ಮೊದಮೊದಲು ನಕ್ಕರು. ಆಮೇಲೆ, ಮಕ್ಕಳೇ ಅಲ್ಲವೆ, ಅವಳ ಸಾಲು ಮುಗಿಯುವವರೆಗೂ ಕಾದು ಮುಂದಿನದನ್ನು ಹೇಳತೊಡಗಿದರು. ಬಿಸಿಲು ಏರಿದಂತೆ ತಾಯಿ ತನ್ನ ಮೈಯ ನೆರಳನ್ನೇ ಮಗಳ ಮೇಲೆ ಸರಿಸುತ್ತ ಜರುಗುವುದನ್ನು ನಾನು ಕಾಲೇಜಿಗೆ ಹೋಗುವ ದಾರಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಅಲ್ಲಿ ಕರುಣಾಜನಕವಾದದ್ದು ಏನೂ ಇರಲಿಲ್ಲ. ಮುತ್ತಿಗೆ ಹಾಕಿದ ಸೈನ್ಯದ ಪಟ್ಟು ಇತ್ತು.

ಬೇಸಿಗೆ ಸಮೀಪಿಸಿದ ಒಂದು ದಿನ ಪ್ರಭುರಾಜ ಮಾಸ್ತರರು ಹೊರಗೆ ಬಂದು ಎರಡೂ ಕೈ ಜೋಡಿಸಿದರು. "ಸಾಕವ್ವಾ ತಾಯಿ. ನನಗ ಮತ್ತೇನೂ ಅಲ್ಲ, ನಿನ್ನ ಕಾಟ ತಡಿಯಾಕ ಆಗವಲ್ದು. ಅದಕ್ಕ ಸೇರಿಸ್ಕೋತೀನಿ."

ಸುವಾರ್ತಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಆ ನ್ಯಾಯಾಧಿಪತಿನೂ ಹಿಂಗ ಅಂದಿದ್ದ್ರೀ ಸರ್!" ಯಾವ ನ್ಯಾಯಾಧಿಪತಿ ಎಂದು ಮಾಸ್ತರರಿಗೆ ತಿಳಿಯಲಿಲ್ಲ, ಆದರೆ ಆ ರಜೆಯಲ್ಲಿ ಅವರೇ ನಿಂತು ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು ಕಟ್ಟಿಸಿದರು. ಇಂದು ಆ ಇಳಿಜಾರಿನ ಮೇಲೆ ಊರಿನ ಇನ್ನೂ ಕೆಲವು ಮಕ್ಕಳು ಹತ್ತಿ ಹೋಗುತ್ತಾರೆ.

ಲೋಕದೊಡನೆ, ಲೋಕನಾಥನೊಡನೆ ಹೂಡಿದ ವ್ಯಾಜ್ಯಗಳನ್ನೆಲ್ಲ ಗೆದ್ದ ಸುವಾರ್ತಮ್ಮ ಸೋತದ್ದು ಮಗಳೆದುರಿಗೆ. ಸಲೋಮಿ ಈಗ ಒಂಬತ್ತನೆಯ ತರಗತಿ. ಹಿಡಿದುಕೊಂಡು ನಡೆಯುವ ವಾಕರೊಂದು ಬಂದಿದೆ. ಕಳೆದ ವರ್ಷ ಹೈಸ್ಕೂಲು ಆರಂಭವಾದ ದಿನ ತಾಯಿ ಎಂದಿನಂತೆ ಬಗ್ಗಿ ಎತ್ತಿಕೊಳ್ಳಲು ಹೋದಾಗ ಹುಡುಗಿ ಕೈಯನ್ನು ತಳ್ಳಿದಳು. ನಾನೂ ಬಾಷಾಬಿಯೂ ಅಂಗಳದಲ್ಲಿದ್ದೆವು.

"ಬ್ಯಾಡ. ನಾನ ಹೋಗ್ತೀನಿ."

"ರಸ್ತಾದಾಗ ಲಾರಿ ಬರ್ತಾವ, ಬೀಳ್ತೀಯವ್ವಾ."

ಸಲೋಮಿ ಒಂದೊಂದೇ ಶಬ್ದವನ್ನು ಹೊರತೆಗೆದಳು: "ಎದ್ದು... ನಡಿ... ಅಂದಾನ ಸ್ವಾಮಿ. ಅವ್ವನ ಸೊಂಟದ ಮ್ಯಾಲ... ಕುಂದ್ರು... ಅಂದಿಲ್ಲ."

ಸುವಾರ್ತಮ್ಮ ಚಾಚಿದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು. ಹುಡುಗಿ ವಾಕರನ್ನು ಎತ್ತಿಡುತ್ತ ಹೊರಟಳು. ಓಣಿಯ ತಿರುವಿನಲ್ಲಿ, ಜಲ್ಲಿಕಲ್ಲು ಎದ್ದ ಕಡೆ, ಬಿದ್ದಳು. ಬಾಷಾಬಿ ಹೌಹಾರಿ ಓಡಲು ಹೋದಾಗ ಸುವಾರ್ತಮ್ಮ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.  ತುಟಿಗಳು ಅಲುಗುತ್ತಿದ್ದವು, "ಏಮಯ್ಯಾ, ಚೂಸ್ತುನ್ನಾವಾ" ಎಂಬಷ್ಟು ಮಾತ್ರ ನನಗೆ ಕೇಳಿಸಿತು, ನೋಡ್ತಾ ಇದ್ದೀಯಾ ಎಂದು. ಸಲೋಮಿ ಮೊಣಕಾಲೂರಿ, ವಾಕರಿನ ಕಂಬಿ ಹಿಡಿದು, ಜಾರಿ, ಮತ್ತೆ ಹಿಡಿದು, ಎದ್ದು ನಿಂತಳು. ಲಂಗದ ಧೂಳನ್ನು ಕೊಡವಿಕೊಂಡಳು. ಹಿಂದಿರುಗಿ ನೋಡದೆ ತಿರುವು ದಾಟಿ ಮರೆಯಾದಳು.

ಬಾಷಾಬಿಯ ರಟ್ಟೆಯ ಮೇಲೆ ಬೆರಳುಗಳ ಗುರುತು ಸಂಜೆಯವರೆಗೂ ಇತ್ತು.

ಅದೇ ವಾರವೋ ಏನೋ, ಹತ್ತಿರದ ಮೈದಾನದಲ್ಲಿ ಯಾವುದೋ ಸಮಾರಂಭ ನಡೆದು, ತಾಯಿಯೇ ದೇವರು, ತಾಯಿಯ ತ್ಯಾಗಕ್ಕೆ ಎಣೆಯಿಲ್ಲ ಎಂದು ಧ್ವನಿವರ್ಧಕ ಓಣಿಯವರೆಗೂ ಸಾರುತ್ತಿತ್ತು. ಸುವಾರ್ತಮ್ಮ ರೊಟ್ಟಿ ತಿರುವಿ ಹಾಕುತ್ತ, "ದೇವರು ಮಾಡಿ ಕುಂದ್ರಿಸಿಬಿಟ್ರ ಉಂಡೆಯೇನು, ನಿದ್ದಿ ಮಾಡಿದೆಯೇನು ಅಂತ ಕೇಳೂ ಗರಜ ಇರಂಗಿಲ್ಲಲ್ರಿ ಅಕ್ಕಾರ" ಎಂದಳು.

ಕೊಪ್ಪಳದ ಆಸ್ಪತ್ರೆಯ ಕಟ್ಟೆಯ ಮೇಲೆ, ಯಲಬುರ್ಗಾದ ಬಸ್ಸಿನ ಕಿಟಕಿಯ ಬದಿಯಲ್ಲಿ, ಬೆಳೆದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತ ಇಂಥ ತಾಯಂದಿರನ್ನು ನಾನು ಈಗ ಎಲ್ಲೆಲ್ಲೂ ಗುರುತಿಸುತ್ತೇನೆ. ಅವರ ಕೈಯಲ್ಲಿ ಯಾವುದೋ ಒಂದು ಮಾತು ಇರುತ್ತದೆ. ಒಬ್ಬಳಿಗೆ ಗ್ರಂಥದ ವಾಕ್ಯ, ಒಬ್ಬಳಿಗೆ ಶರಣರ ನುಡಿ, ಇನ್ನೊಬ್ಬಳಿಗೆ ದರ್ಗಾದಲ್ಲಿ ಯಾರೋ ಹೇಳಿದ ಭರವಸೆ. ನಾವು ಅದನ್ನು ನೊಂದವರ ನೆಮ್ಮದಿ ಎಂದು ತಿಳಿದು, ಅವರ ತಾಳ್ಮೆಯನ್ನು ಹೊಗಳಿ, ನಮ್ಮ ಹಾದಿ ಹಿಡಿಯುತ್ತೇವೆ. ಆದರೆ ಕೊಟ್ಟ ಮಾತನ್ನು ಕೊಟ್ಟವನ ಮುಖಕ್ಕೇ ಹಿಡಿದು, ಅದು ನೆರವೇರುವವರೆಗೂ ಬಾಗಿಲು ಬಿಟ್ಟು ಕದಲದವರನ್ನು ತಾಳ್ಮೆಯುಳ್ಳವರೆಂದು ಕರೆಯುವುದು ತಪ್ಪು. ಅವರಿಗೆ ತಾಳ್ಮೆ ಎಂದೋ ಮುಗಿದುಹೋಗಿದೆ. ಉಳಿದಿರುವುದು ಹಟ, ಮತ್ತು ಅದು, ನಾನು ಕಂಡಂತೆ, ತಾಳ್ಮೆಗಿಂತ ಹೆಚ್ಚು ದೂರ ನಡೆಯುತ್ತದೆ.